ಸನಾದಲ್ಲಿ ಆ ಸೋಮವಾರ

ಏಪೆಕ್ಸ್, ನಾರ್ತ್ ಕೆರೊಲೈನಾ
ಶನಿವಾರ, ೧೬ ಜನವರಿ ೨೦೧೬

ಮಗನೇ ಚೇತನ,

ನಿನ್ನ ಅವ್ವನ ಆಶೀರ್ವಾದಗಳು. ಹೇಗಿದ್ದೀಯಪ್ಪ? ಜಮ್ಮುವಿನ ಆಚೆ ನಿನ್ನ ಸುರಂಗದ ಕೆಲಸ ನಡೆದಿರುವ ಕಡೆ ನಲ್ಲಿಯ ನೀರು ಗಡ್ಡೆಗಟ್ಟುವಷ್ಟು ಚಳಿ ಎಂದು ನಿಮ್ಮಕ್ಕ ಸಿದ್ದೇಶ್ವರಿ ಫೋನಿನಲ್ಲಿ ನೋಡಿ ಹೇಳಿದಳು. ಬಂಡೆ ಸಿಡಿಸಿದ ಮೇಲೆ ಧೂಳು ಕೂರುವ ಮೊದಲೇ ಒಳಗೆ ನುಗ್ಗುವ ಚಾಳಿ ಬಿಟ್ಟಿದ್ದೀಯೋ ಇಲ್ಲವೋ? ಮೂರು ವರ್ಷದವನಿದ್ದಾಗ ಎದೆ ಕಟ್ಟಿ ತುಟಿ ನೀಲಿಯಾಗಿತ್ತು, ಅದನ್ನು ನೆನಪಿಟ್ಟುಕೊಂಡು ಮೂಗು ಬಾಯಿಗೆ ಬಟ್ಟೆ ಕಟ್ಟಿಕೋ. ಎಂಜಿನಿಯರ್ ಸಾಹೇಬರು ಬಟ್ಟೆ ಕಟ್ಟಿಕೊಂಡರೆ ಕೂಲಿಯವರು ನಗುತ್ತಾರೆಂಬ ನಾಚಿಕೆ ಬೇಡ. ನಾನು ಚೆನ್ನಾಗಿದ್ದೇನೆ. ಬಿ.ಪಿ. ಮಾತ್ರೆ ಒಂದಿದ್ದದ್ದು ಎರಡಾಗಿದೆ. ಬಲಗಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಸದ್ದು ಇನ್ನೂ ಇದೆ. ಅದು ಹೋಗುವುದಿಲ್ಲವೆಂದು ಇಲ್ಲಿನ ಡಾಕ್ಟರು ಹೇಳಿದ ಮೇಲೆ ಅದರ ಜೊತೆಗೇ ಸಂಸಾರ ಹೂಡಿದ್ದೇನೆ. ನಿಮ್ಮಕ್ಕ ಬೆಳಿಗ್ಗೆ ಆರಕ್ಕೆ ಆಸ್ಪತ್ರೆಗೆ ಹೋದರೆ ಕತ್ತಲಾದ ಮೇಲೆ ಬರುತ್ತಾಳೆ. ಅಳಿಯಂದಿರು ಒಳ್ಳೆಯವರು, ನನ್ನ ಜೋಳದ ರೊಟ್ಟಿಯನ್ನು ಹೊಗಳುತ್ತ ಹೊಗಳುತ್ತ ಒಂದೇ ತಿನ್ನುತ್ತಾರೆ. ಮೊಮ್ಮಗಳು ನೀಲಾ ಎರಡನೇ ಕ್ಲಾಸು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಅರ್ಧಕ್ಕರ್ಧ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಇಬ್ಬರಿಗೂ ಅರ್ಥವಾಗುತ್ತದೆ.

ಫೋನು ಮಾಡುವುದು ಬಿಟ್ಟು ಈ ಕಾಲದಲ್ಲಿ ಕಾಗದ ಯಾಕೆ ಎಂದು ಕೇಳಬೇಡ. ಕಾರಣ ನಿನಗೇ ಗೊತ್ತು. ನಾನು ‘ಅಪ್ಪ’ ಎಂದು ಬಾಯಿ ತೆರೆದರೆ ಸಾಕು, ನಿನ್ನ ಕಡೆ ಸಿಗ್ನಲ್ ಹೋಗಿಬಿಡುತ್ತದೆ. ಸಿದ್ದಿ ಮಾತಾಡುವಾಗ ಮಾತ್ರ ಅದೇ ಗುಡ್ಡದಲ್ಲಿ ಸಿಗ್ನಲ್ ಹೇಗೆ ಬರುತ್ತದೋ ಆ ಶಿವನೇ ಬಲ್ಲ. ಕಾಗದ ಹಾಗಲ್ಲ, ಮಧ್ಯದಲ್ಲಿ ಕಟ್ ಮಾಡುವುದಕ್ಕಾಗುವುದಿಲ್ಲ. ಸಿಟ್ಟು ಬಂದು ಹರಿದು ಹಾಕುವುದಾದರೆ ಕೊನೆಯ ಸಾಲಿನವರೆಗೆ ಓದಿ ಆಮೇಲೆ ಹರಿ.

ಕರಬಸಪ್ಪ ಕಾಕಾ ಏಪ್ರಿಲ್ ಇಪ್ಪತ್ತರ, ನಿಮ್ಮಪ್ಪನ ವರ್ಷದ ಸ್ಮರಣೆಗೆ ಕರಪತ್ರದ ಕರಡು ಕಳಿಸಿದ್ದರು. ನಿನಗೂ ಕಳಿಸಿದ್ದಾರಂತೆ. ಮೇಲೆ ದಪ್ಪಕ್ಷರದಲ್ಲಿ ‘ಬಾಂಬಿನ ಮಳೆಯಲ್ಲೂ ಕದಲದ ಶರಣ ಗುರುಸಿದ್ದಪ್ಪನವರು’ ಎಂದಿದೆ. ಅದಕ್ಕೆ ನೀನು ‘ನಾ ಬರೂದಿಲ್ಲ, ನನ್ನ ಹೆಸರು ತಗೀರಿ’ ಎಂದು ಒಂದೇ ಸಾಲು ಬರೆದೆಯಂತೆ. ಕಾಕಾ ಸಿಟ್ಟಾಗಿದ್ದಾರೆ, ಅದು ಹೋಗಲಿ, ಅವರು ಸಿಟ್ಟಾಗದ ದಿನ ಯಾವುದಿದೆ. ಆದರೆ ಬೈಲಹೊಂಗಲದಲ್ಲಿ ನಿಮ್ಮ ಅಜ್ಜಿ ಎರಡು ದಿನ ಊಟ ಬಿಟ್ಟಿದ್ದಾರೆ. ಎಂಬತ್ತನಾಲ್ಕು ವರ್ಷದ ಜೀವ. ನನಗೂ ನಿಮ್ಮಪ್ಪನಿಗೂ ಸನಾದ ಆಸ್ಪತ್ರೆಯ ಕೆಲಸ ಬಿಟ್ಟು ಯೆಮನ್‌ನಿಂದ ಬರುವುದಕ್ಕೆ ಆಗದ ವರ್ಷಗಳಲ್ಲಿ ನಿನ್ನ ಎದೆಗೆ ಎಣ್ಣೆ ತಿಕ್ಕಿ ಸಾಕಿದವರು ಅವರು. ಮಗ ಹೋದ ಜಾಗದ ನೆಲವನ್ನೂ ನೋಡಿಲ್ಲ. ಆ ದಿನ ಮೊಮ್ಮಗ ಪಕ್ಕದಲ್ಲಿ ಕೂರಬೇಕು ಎನ್ನುವುದೊಂದೇ ಅವರ ಆಸೆ. ನೀನು ಕೂರುತ್ತೀಯೋ ಇಲ್ಲವೋ, ನನಗೆ ಬೇಕಾದದ್ದೂ ಅದೊಂದೇ.

ಈಗ ಇಲ್ಲಿಯ ಸುದ್ದಿ ಕೇಳು. ಮೊನ್ನೆ ಬುಧವಾರ ನೀಲಾಗೆ ಜ್ವರ, ಶಾಲೆಗೆ ಹೋಗಿರಲಿಲ್ಲ. ಮನೆಯಲ್ಲಿ ನಾವಿಬ್ಬರೇ. ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತ ನಿಂತಿದ್ದೆ. ಇದ್ದಕ್ಕಿದ್ದ ಹಾಗೆ ಊರಿಗೆ ಊರೇ ಕೂಗಿಕೊಂಡಂತೆ ಸೈರನ್ನು ಹೊಡೆಯಿತು. ಸನಾದಲ್ಲಿ ನಮಗೆ ಸೈರನ್ನೇ ಇರಲಿಲ್ಲ, ಆದರೂ ಮೈಗೆ ಎಲ್ಲ ಗೊತ್ತಾಯಿತು. ಒಲೆ ಆರಿಸಿದೆ. ನೀಲಾಳನ್ನು ಎತ್ತಿ ಸ್ನಾನದ ತೊಟ್ಟಿಯಲ್ಲಿ ಮಲಗಿಸಿ ಮೇಲೆ ಹಾಸಿಗೆ ಹೊಚ್ಚಿದೆ. ಪಾತ್ರೆಗಳಿಗೆಲ್ಲ ನೀರು ತುಂಬಿದೆ. ಆಮೇಲೆ ಗಾಜು ಒಡೆಯಬಾರದೆಂದು ಕಿಟಕಿಗಳನ್ನೆಲ್ಲ ತೆರೆಯುತ್ತ ಹೋದೆ. ಅಷ್ಟಕ್ಕೆ ಕಳ್ಳರು ಬಂದರೆ ಕೂಗುವ ಮನೆಯ ಗಂಟೆ ಬೇರೆ ಬಾಯಿ ಮಾಡಿತು. ಹತ್ತು ನಿಮಿಷದಲ್ಲಿ ಪೊಲೀಸಿನವನು ಬಾಗಿಲಲ್ಲಿ. ಇಳಕಲ್ ಸೀರೆಯುಟ್ಟು, ಕೈಗೆಲ್ಲ ಹಿಟ್ಟು ಮೆತ್ತಿಕೊಂಡು, ಕೊಡಪಾನ ಹಿಡಿದು ನಿಂತ ಮುದುಕಿಯನ್ನು ನೋಡಿ ಅವನಿಗೇ ಕೈಕಾಲು ಆಡಲಿಲ್ಲ. ಹತ್ತಿರದಲ್ಲಿ ಅಣು ವಿದ್ಯುತ್ತಿನ ಸ್ಥಾವರವಿದೆಯಂತೆ, ಮೂರು ತಿಂಗಳಿಗೊಮ್ಮೆ ಸೈರನ್ನನ್ನು ಹೀಗೆ ಪರೀಕ್ಷೆ ಮಾಡುತ್ತಾರಂತೆ. ನೀಲಾ ಹಾಸಿಗೆಯಡಿಯಿಂದ ತಲೆ ಹೊರಗೆ ಹಾಕಿ ‘ಅಜ್ಜೀ, ಇಟ್ಸ್ ಜಸ್ಟ್ ಅ ಟೆಸ್ಟ್’ ಎಂದಳು. ನೀನಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ನಿಮ್ಮಕ್ಕ ಮಾತ್ರ ಬಂದವಳೇ ಅತ್ತಳು.

ಪೊಲೀಸಿನವನು ಹೋದ ಮೇಲೆ ಆ ಕೂಸು ತೊಟ್ಟಿಯಲ್ಲೇ ಕೂತು ನನ್ನನ್ನು ಒಂದು ಮಾತು ಕೇಳಿತು. ‘ಅಜ್ಜ ಪೂಜಾ ಸ್ಟಾಪ್ ಮಾಡಿ ಯಾಕೆ ರನ್ ಮಾಡ್ಲಿಲ್ಲ ಅಜ್ಜಿ? ನಿನ್ನ ಹತ್ರ ಯಾಕೆ ಬರ್ಲಿಲ್ಲ?’ ಹೋದ ಜೂನ್‌ನಲ್ಲಿ ಬೈಲಹೊಂಗಲದ ಪಡಸಾಲೆಯಲ್ಲಿ, ಇಪ್ಪತ್ತು ಜನ ನೆಂಟರ ಎದುರು, ನೀನು ಕೇಳಿದ್ದೂ ಇದನ್ನೇ ಅಲ್ಲವೇ. ‘ಅಂವಗ ಕಲ್ಲು ದೊಡ್ಡದಾತು, ನಮ್ಮವ್ವ ಸಣ್ಣಾಕಿ ಆದ್ಲು. ಎದ್ದು ನಾಕು ಹೆಜ್ಜಿ ಇಟ್ಟಿದ್ರ ಬದುಕತಿದ್ದ’ ಎಂದು ಕೂಗಿ, ಕೊರಳಿನ ಲಿಂಗ ತೆಗೆದು ಅಜ್ಜಿಯ ದೇವರ ಜಗಲಿಯ ಮೇಲಿಟ್ಟು ಹೊರಟುಬಿಟ್ಟೆ. ಅವತ್ತು ನಾನು ನಿನ್ನನ್ನು ತಡೆಯಲಿಲ್ಲ. ಯಾಕೆ ತಡೆಯಲಿಲ್ಲ ಎಂದು ಅವತ್ತಿನಿಂದ ನನಗೆ ನಾನೇ ಬೈದುಕೊಳ್ಳುತ್ತಿದ್ದೇನೆ. ನಿನ್ನೆ ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ಕರೆದಿದ್ದ ಮೈಸೂರಿನ ರಾಜಲಕ್ಷ್ಮಿ ನನ್ನ ಕೈ ಹಿಡಿದು ‘ಪೂಜೆಯಲ್ಲೇ ಹೋದ್ರಂತಲ್ಲ ಆಂಟಿ, ಎಂಥಾ ಪುಣ್ಯವಂತರು! ನೀವು ತುಂಬಾ ಲಕ್ಕಿ’ ಎಂದಳು. ಕೈಯಲ್ಲಿದ್ದ ಸಕ್ಕರೆ ಅಚ್ಚನ್ನು ಅವಳ ಬಾಯಿಗೆ ತುರುಕಬೇಕೆನ್ನಿಸಿತು. ಒಳ್ಳೆಯ ಹುಡುಗಿ, ಅವಳದೇನು ತಪ್ಪು. ಕಥೆ ಸಮುದ್ರ ದಾಟಿ ಏಪೆಕ್ಸಿಗೂ ಬಂದಿದೆ, ಅಷ್ಟೆ.

ನೀನು ನನ್ನನ್ನು ಅಲ್ಲಿಯ ವಿಷಯ ಒಮ್ಮೆಯೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ, ಬಾಂಬಿನ ಕೆಳಗೆ ಬದುಕುವುದು ಅಂದರೆ ಏನು ಎನ್ನುವುದು ಗೊತ್ತಿಲ್ಲದೆ ನಿಮ್ಮಪ್ಪನನ್ನು ತೂಗಬೇಡ. ನೀನೂ ಸಿಡಿಸುವ ಕೆಲಸದವನೇ. ಆದರೆ ನೀನು ಸೀಟಿ ಊದುತ್ತೀ, ಕೆಂಪು ಬಾವುಟ ತೋರಿಸುತ್ತೀ, ಕೂಲಿಯವರನ್ನು ಒಬ್ಬೊಬ್ಬರಾಗಿ ಎಣಿಸಿ ಹೊರಗೆ ಕಳಿಸಿದ ಮೇಲೆ ಗುಂಡಿ ಒತ್ತುತ್ತೀ. ನಮಗೆ ಸೀಟಿ ಊದುವವರಿರಲಿಲ್ಲ. ಮಾರ್ಚ್ ಇಪ್ಪತ್ತಾರರ ನಸುಕಿಗೆ ಮೊದಲನೆಯದು ಬಿತ್ತು. ಮಂಚ ನನ್ನನ್ನು ಹೊತ್ತುಕೊಂಡೇ ಗೋಡೆಯಿಂದ ಒಂದು ಮೊಳ ದೂರ ಸರಿದಿತ್ತು. ಒಂದು ವಾರದಲ್ಲಿ ಕಿವಿ ಪಳಗಿತು. ವಿಮಾನ ಕಾಣುವುದಿಲ್ಲ, ಕೊರೆಯುವ ಸದ್ದು ಮಾತ್ರ ಕೇಳುತ್ತದೆ. ಅದು ದಪ್ಪವಾಗುತ್ತ ಬಂದರೆ ನಿನ್ನ ಕಡೆ, ತೆಳುವಾದರೆ ಇನ್ನೊಬ್ಬರ ಕಡೆ. ತೆಳುವಾದಾಗ ‘ಅಬ್ಬಾ’ ಎನ್ನುತ್ತೇವೆ. ಇನ್ನೊಬ್ಬರ ಮನೆಯ ಮೇಲೆ ಹೋಯಿತು ಎಂದು ಖುಷಿಪಡುತ್ತೇವೆ ಚೇತನ. ಮನುಷ್ಯರನ್ನು ಅದು ಅಷ್ಟು ಕೀಳು ಮಾಡುತ್ತದೆ. ಗುಡ್ಡದ ಮೇಲಿನ ಬಂದೂಕುಗಳು ಆ ಕಾಣದ ವಿಮಾನಕ್ಕೆ ಹೊಡೆಯುತ್ತಿದ್ದವು. ಮೇಲೆ ಹೋದ ಗುಂಡು ಕೆಳಗೆ ಬೀಳಲೇಬೇಕಲ್ಲ. ನಮ್ಮ ಓಣಿಯಲ್ಲಿ ನೀರಿನ ಸಾಲಿನಲ್ಲಿ ನಿಂತಿದ್ದ ಹತ್ತು ವರ್ಷದ ಹುಡುಗಿಯ ನೆತ್ತಿಯಲ್ಲಿ ಒಂದು ಇಳಿಯಿತು. ಕ್ಯಾನು ಕೈಬಿಡದೆ ಕೂತಳು, ಕೂತಲ್ಲೇ ಹೋದಳು. ಹಿಂದಿದ್ದ ಹೆಂಗಸು ಅವಳನ್ನು ದಾಟಿ ಮುಂದೆ ಹೋಗಿ ನೀರು ಹಿಡಿದಳು. ಆ ಹೆಂಗಸನ್ನು ನಾನು ಬೈಯಲಾರೆ, ಅವಳ ಹಿಂದೆ ನಿಂತಿದ್ದವಳು ನಾನು. ನಾನೂ ಹಿಡಿದೆ.

ನಮ್ಮ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡನ್ನು ನೆಲಮಾಳಿಗೆಯ ಉಗ್ರಾಣದ ಮುಂದಿನ ಓಣಿಗೆ ಇಳಿಸಿದೆವು. ನಿಮ್ಮಪ್ಪ ಅಲ್ಲಿಯೇ ಪಕ್ಕದ ಕೋಣೆಯಲ್ಲಿ ಜನರೇಟರ್ ನೋಡಿಕೊಂಡಿರುತ್ತಿದ್ದರು. ಬಾಂಬು ಬಿದ್ದ ದಿನ ಏಳು ತಿಂಗಳಿಗೆ, ಆರು ತಿಂಗಳಿಗೆ ನೋವು ಬರುತ್ತಿತ್ತು. ಒಂದೇ ದಿನ ಹನ್ನೊಂದು ಹೆರಿಗೆ, ಅದರಲ್ಲಿ ಅತ್ತದ್ದು ನಾಲ್ಕು ಕೂಸು. ಏಪ್ರಿಲ್ ಎರಡನೇ ವಾರ ಬ್ರೆಡ್ಡಿನ ಅಂಗಡಿಯ ಓಣಿಗೆ ಬಿತ್ತು. ಗಾಡಿಗಳಿಗೆ ಪೆಟ್ರೋಲಿಲ್ಲ, ಜನರನ್ನು ತರಕಾರಿ ತಳ್ಳುಗಾಡಿಯಲ್ಲಿ, ಕಿತ್ತ ಬಾಗಿಲ ಹಲಗೆಯಲ್ಲಿ ಹೊತ್ತು ತಂದರು. ಒಬ್ಬ ಮುದುಕ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪಾದ ಹಿಡಿದುಕೊಂಡು ಒಂದೊಂದೇ ಹಾಸಿಗೆಯ ಮುಂದೆ ನಿಂತು ‘ಇದು ಇವರದಾ?’ ಎಂದು ಕೇಳುತ್ತ ಬಂದ. ನೆಲ ಎಷ್ಟು ಜಾರುತ್ತಿತ್ತೆಂದರೆ ನಾವು ಚಪ್ಪಲಿ ಬಿಟ್ಟು ಕಾಲುಚೀಲದಲ್ಲಿ ಓಡಾಡಿದೆವು. ದಿನ ತುಂಬಿದ ಹೆಂಗಸೊಬ್ಬಳನ್ನು ತಂದು ನನ್ನ ಮುಂದೆ ಹಾಕಿದರು. ಎದೆಯಿಂದ ಮೇಲೆ ಅವಳು ಇರಲಿಲ್ಲ ಎಂದೇ ಹೇಳಬೇಕು. ಹೊಟ್ಟೆ ಮಾತ್ರ ಅಲುಗಾಡುತ್ತಿತ್ತು. ಡಾಕ್ಟರ ಎರಡೂ ಕೈ ಇನ್ನೊಬ್ಬನ ಎದೆಯೊಳಗಿದ್ದವು. ‘ಸಿಸ್ಟರ್, ಯೂ ಡೂ ಇಟ್’ ಎಂದು ತಿರುಗಿಯೂ ನೋಡದೆ ಕೂಗಿದರು. ಮೂವತ್ತೊಂದು ವರ್ಷದಲ್ಲಿ ನಾನು ಕತ್ತಿ ಹಿಡಿದು ಕೊಟ್ಟವಳೇ ಹೊರತು ಹಾಕಿದವಳಲ್ಲ. ಅವತ್ತು ಹಾಕಿದೆ. ಹೆಣ್ಣು ಕೂಸು. ನಮ್ಮ ಆಯಾ ಬಿಲ್ಕಿಸ್ ಅದನ್ನು ತನ್ನ ಬುರ್ಖಾದ ಸೆರಗಿನಲ್ಲಿ ಸುತ್ತಿಕೊಂಡಳು. ಅದು ಉಳಿದಿದೆ. ಎಂಟು ತಿಂಗಳಾದಾಗ ಬಿಲ್ಕಿಸ್ ಒಂದು ಫೋಟೋ ಕಳಿಸಿದ್ದಳು, ಎರಡು ಹಲ್ಲು ಬಂದಿವೆ.

ಈಗ ನಾನು ಯಾರಿಗೂ ಬರೆಯದ ಮಾತು ಬರೆಯುತ್ತೇನೆ. ಕಾಕಾನ ಕರಪತ್ರದಲ್ಲಿ ‘ಕಾಯಕವೇ ದೊಡ್ಡದೆಂದು ವಿಮಾನ ಹತ್ತಲು ಒಪ್ಪದ ಶರಣರು’ ಎಂದಿದೆ. ಅಪ್ಪ ಹಟ ಹಿಡಿದು ಅವ್ವನನ್ನೂ ಕಟ್ಟಿಹಾಕಿದ ಎಂದು ನೀನು ಸಿದ್ದಿಯ ಹತ್ತಿರ ಹೇಳಿದ್ದೀ. ಎರಡೂ ಸುಳ್ಳು. ಏಪ್ರಿಲ್ ಮೊದಲ ವಾರ ನಮ್ಮ ಸರ್ಕಾರ ವಿಮಾನ ಕಳಿಸಿದಾಗ ಇಬ್ಬರ ಹೆಸರೂ ಪಟ್ಟಿಯಲ್ಲಿತ್ತು. ನಿಮ್ಮಪ್ಪ ಚೀಲ ಕಟ್ಟಿ, ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಜೊತೆಗಿದ್ದ ಕೇರಳದ ನರ್ಸುಗಳೆಲ್ಲ ಹೊರಟಿದ್ದರು. ನೆಲಮಾಳಿಗೆಯ ಓಣಿಯಲ್ಲಿ ಮೂವರು ಹೆಂಗಸರಿಗೆ ಬಿ.ಪಿ. ಏರಿ ಸೆಳವು ಬರುತ್ತಿತ್ತು, ಅವರನ್ನು ಬಿಲ್ಕಿಸ್ ಒಬ್ಬಳ ಕೈಗೆ ಬಿಟ್ಟು ಬರಲು ನನಗೆ ಮನಸ್ಸಾಗಲಿಲ್ಲ. ‘ಮುಂದಿನ ವಿಮಾನಕ್ಕ ಹೋಗೋಣು’ ಎಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ ‘ನೀ ಹೆಂಗಂತಿ ಹಂಗ’ ಎಂದು ಬೂಟು ಬಿಚ್ಚಿದರು. ಮುಂದಿನ ವಿಮಾನ ತುಂಬಿ ಹೋಯಿತು, ಅದರ ಮುಂದಿನದು ಬರಲೇ ಇಲ್ಲ. ಆ ಮೂವರಲ್ಲಿ ಇಬ್ಬರು ಉಳಿದರು. ನಾನು ಮಾಡಿದ್ದು ತಪ್ಪು ಎಂದು ಇವತ್ತಿಗೂ ಹೇಳಲಾರೆ, ಸರಿ ಎನ್ನಲೂ ನಾಲಗೆ ಏಳುವುದಿಲ್ಲ. ಆದರೆ ನಿಮ್ಮಪ್ಪನನ್ನು ಅಲ್ಲಿಯೇ ಉಳಿಸಿಕೊಂಡವಳು ನಾನು. ಬೈಯುವುದಿದ್ದರೆ ನನ್ನನ್ನು ಬೈ.

ಪೂಜೆಯ ವಿಷಯದಲ್ಲಿ ಜನ ಹೇಳುವುದರಲ್ಲಿ ಬಹುಪಾಲು ನಿಜ. ರಾತ್ರಿಪಾಳಿ ಮುಗಿಸಿ ಬಂದು ಸ್ನಾನ ಮಾಡಿ, ವಿಭೂತಿ ಹಚ್ಚಿ, ಒಳಗೋಡೆಯ ಮೂಲೆಯಲ್ಲಿ ಮಣೆ ಹಾಕಿ ಕೂತರೆ, ಎಡಗೈಯಲ್ಲಿ ಲಿಂಗವಿರುವಷ್ಟು ಹೊತ್ತು ಅವರು ಏಳುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಅವರ ಅಪ್ಪ ಹಾಗೆ ಕಲಿಸಿದ್ದರು, ನಿನಗೂ ಹಾಗೆಯೇ ಕಲಿಸಿದ್ದರು. ಎಷ್ಟೋ ದಿನ ಮನೆ ನಡುಗುವಾಗ ನಾನು ಹೊರಗೆ ಮೆಟ್ಟಿಲ ಕೆಳಗೆ ಕೂತು ‘ಏಳ್ರಿ, ದೇವ್ರು ಓಡಿಹೋಗೂದಿಲ್ಲ, ಜೀವ ಓಡಿಹೊಕ್ಕೈತಿ’ ಎಂದು ಗಂಟಲು ಹರಿದುಕೊಂಡಿದ್ದೇನೆ. ಪೂಜೆ ಮುಗಿಸಿ ಬಂದು, ಏನೂ ಆಗದವರಂತೆ, ‘ಚಹಾ ಆತೇನು ಸಿದ್ದೀ ಅವ್ವಾ’ ಎನ್ನುತ್ತಿದ್ದರು. ಹೊಟ್ಟೆ ಉರಿದು ಒಂದು ದಿನ ಚಹಾಕ್ಕೆ ಉಪ್ಪು ಹಾಕಿ ಕೊಟ್ಟೆ. ಅದನ್ನೂ ಕುಡಿದರು.

ಏಪ್ರಿಲ್ ಇಪ್ಪತ್ತು, ಸೋಮವಾರ, ಹತ್ತೂವರೆಯ ಹೊತ್ತು. ಊರ ಅಂಚಿನ ಗುಡ್ಡದಲ್ಲಿ ಮದ್ದುಗುಂಡು ಕೂಡಿಟ್ಟಿದ್ದ ಕಡೆ ಮೊದಲು ಒಂದು ಬಿತ್ತು. ಅದು ದಿನದ ಸದ್ದಿನಂತೆಯೇ ಇತ್ತು. ಸ್ವಲ್ಪ ಹೊತ್ತಿಗೆ ಎರಡನೆಯದು. ಅದಕ್ಕೆ ಸದ್ದು ಎನ್ನುವುದಕ್ಕಾಗುವುದಿಲ್ಲ. ಅದು ಕೇಳುವ ಮೊದಲೇ ಕಿವಿ ಸತ್ತಿತ್ತು. ಕಿತ್ತಳೆ ಬಣ್ಣದ ಬೆಂಕಿ ಗುಡ್ಡದಷ್ಟೇ ಎತ್ತರ ಎದ್ದು, ಗಾಳಿ ಗೋಡೆಯಾಗಿ ಬಂದು ಹೊಡೆಯಿತು. ಅರ್ಧ ಊರಿನ ಗಾಜು ಒಂದೇ ಸಲ ಒಳಗೆ ನುಗ್ಗಿತು. ನನಗೆ ಕಣ್ಣು ಕಂಡಾಗ ಅಡುಗೆಮನೆಯ ಬಾಗಿಲು ಚೌಕಟ್ಟಿನ ಸಮೇತ ನನ್ನ ಕಾಲ ಮೇಲಿತ್ತು, ತೋಳು ಮೊಳಕೈವರೆಗೆ ಸೀಳಿತ್ತು. ನಿಮ್ಮಪ್ಪ ನನ್ನ ಕೈಗೆ ಸಿಕ್ಕಾಗ ಕೊರಳಿನ ಪಕ್ಕಕ್ಕೆ ಅಂಗೈ ಅಗಲದ ಗಾಜು ನಾಟಿತ್ತು, ಬೆನ್ನಿನಲ್ಲಿ ಎಣಿಸಲಾರದಷ್ಟು. ಗಾಜು ಕೀಳಬಾರದು ಎಂದು ಹೊಸ ನರ್ಸುಗಳಿಗೆ ಸಾವಿರ ಸಲ ಪಾಠ ಹೇಳಿದವಳು ನಾನು. ಸೆರಗನ್ನು ಗಾಯದ ಸುತ್ತ ತುರುಕಿ ಎರಡೂ ಮುಷ್ಟಿಯಿಂದ ಒತ್ತಿ ಹಿಡಿದೆ. ಎಷ್ಟು ಹೆಂಗಸರ ರಕ್ತ ನಿಲ್ಲಿಸಿದ ಕೈ ಇದು. ಬೆರಳ ಸಂದಿಯಿಂದ ಬಿಸಿಬಿಸಿಯಾಗಿ ಬರುತ್ತಲೇ ಇತ್ತು. ನಾಲ್ಕು ನಿಮಿಷ ಇರಬಹುದು. ಕಣ್ಣು ಬಿಟ್ಟೇ ಇದ್ದರು, ನನ್ನನ್ನೇ ನೋಡುತ್ತಿದ್ದರು. ಏನೋ ಹೇಳಿದರು, ನನಗೆ ಕೇಳಿಸಲಿಲ್ಲ. ಅವರ ಕೊನೆಯ ಮಾತು ಏನೆಂದು ನನಗೆ ಗೊತ್ತಿಲ್ಲ ಚೇತನ.

ಮಣ್ಣು ಮಾಡುವುದಕ್ಕೆ ಬಿಲ್ಕಿಸಳ ನಾಲ್ವರು ಅಣ್ಣತಮ್ಮಂದಿರು ಬಂದರು. ಊರ ಹೊರಗೆ ಅವರದೇ ಹೊಲದ ಬದುವಿನಲ್ಲಿ ಜಾಗ ಕೊಟ್ಟರು. ಅವರು ತಮ್ಮವರಿಗೆ ತೋಡುವ ಹಾಗೆ ಉದ್ದಕ್ಕೆ ತೋಡಿದ್ದರು. ನಮ್ಮಲ್ಲಿ ಕೂಡಿಸುತ್ತಾರೆ ಎನ್ನುವುದಕ್ಕೆ ಅರಬ್ಬಿ ಮಾತು ನನ್ನ ಬಾಯಿಗೆ ಬರಲಿಲ್ಲ. ಕಟ್ಟು ಹಾಕಿದ ತೋಳು ಹೊತ್ತುಕೊಂಡು ಆ ಮಣ್ಣಿನಲ್ಲಿ ನಾನೇ ಚಕ್ಕಳಮಕ್ಕಳ ಹಾಕಿ ಕೂತು ತೋರಿಸಿದೆ. ಒಬ್ಬರೂ ನಗಲಿಲ್ಲ, ಪ್ರಶ್ನೆ ಮಾಡಲಿಲ್ಲ. ಮತ್ತೆ ಆಳಕ್ಕೆ, ಚೌಕಕ್ಕೆ ತೋಡಿದರು. ಅರ್ಧ ತೋಡುವಷ್ಟರಲ್ಲಿ ವಿಮಾನ ಬಂತು. ಬಯಲಿನಲ್ಲಿ ಅಡಗುವ ಜಾಗ ಬೇರೆಲ್ಲಿದೆ? ಆ ನಾಲ್ವರೂ ನಾನೂ ನಿಮ್ಮಪ್ಪನ ಗುಂಡಿಯೊಳಗೇ ಹಾರಿ, ತಲೆಗೆ ತಲೆ ತಾಗಿಸಿ ಕೂತೆವು. ನಿಮ್ಮಪ್ಪ ಮೇಲೆ ಕಂಬಳಿಯಲ್ಲಿ ಸುತ್ತಿಕೊಂಡು ನಮ್ಮ ಪಹರೆಗೆ ಇದ್ದಂತಿದ್ದರು. ವಿಮಾನ ಹೋದ ಮೇಲೆ ಎಡ ಅಂಗೈಯಲ್ಲಿ ಲಿಂಗವಿಟ್ಟು ಬೆರಳು ಮಡಿಚಿ ಕೂಡಿಸಿದೆ. ವಿಭೂತಿ ನಾನೇ ಹಚ್ಚಿದೆ. ಮೇ ತಿಂಗಳಲ್ಲಿ ಐದು ದಿನ ಬಾಂಬು ನಿಲ್ಲಿಸಿದಾಗ ಹೊರಟು ಬಂದೆ.

ಮಣ್ಣು ಮಾಡಿದ ದಿನ ಸಂಜೆ ಬಿಲ್ಕಿಸಳ ಫೋನಿನಿಂದ ಬೈಲಹೊಂಗಲಕ್ಕೆ ಲೈನು ಸಿಕ್ಕಿತ್ತು. ಅಜ್ಜಿಯೇ ಎತ್ತಿದರು. ಸುದ್ದಿ ಹೇಳಿದೆ. ಅಳುತ್ತಾರೆ, ಬೀಳುತ್ತಾರೆ ಎಂದುಕೊಂಡಿದ್ದೆ. ಅವರು ಒಂದೇ ಮಾತು ಕೇಳಿದರು: ‘ಪೂಜ್ಯಾಗ ಇದ್ನೇನವಾ ನನ್ನ ಮಗಾ, ಎದ್ದಿದ್ನೇನು?’ ‘ಪೂಜ್ಯಾಗ ಇದ್ರು ಅತ್ತೀ’ ಎಂದೆ. ‘ಹಂಗಾರ ಲಿಂಗದಾಗ ಕೂಡಿದಾ’ ಎಂದು ಆಗ ಅತ್ತರು. ಅಲ್ಲಿಂದ ಅದು ಕಾಕಾನ ಬಾಯಿಗೆ, ಅಲ್ಲಿಂದ ಮಠಕ್ಕೆ, ಈಗ ಕರಪತ್ರಕ್ಕೆ ಬಂದಿದೆ. ಆ ಒಂದು ಮಾತಿನ ಮೇಲೆ ಅಜ್ಜಿ ಇಷ್ಟು ದಿನ ಬದುಕಿದ್ದಾರೆ. ಅದೇ ಮಾತಿಗೆ ನೀನು ಅಪ್ಪನ ಹೆಸರು ಬಿಟ್ಟಿದ್ದೀ.

ಏಪ್ರಿಲ್ ಇಪ್ಪತ್ತಕ್ಕೆ ರಜೆ ಹಾಕು. ಅಜ್ಜಿಯ ಪಕ್ಕ ಕೂರು. ಅಲ್ಲಿ ಕ್ಯಾಂಪಿನ ಅಡುಗೆಯವನ ಕೈಯಲ್ಲಿ ಬೇಳೆಗೆ ಖಾರ ಕಡಿಮೆ ಹಾಕಿಸಿಕೋ, ನಿನ್ನ ಹೊಟ್ಟೆ ಮೊದಲಿನಿಂದ ಸರಿಯಿಲ್ಲ. ಸಿದ್ದಿ, ಅಳಿಯಂದಿರು ನಿನ್ನನ್ನು ಕೇಳಿದ್ದಾರೆ. ನೀಲಾ ನಿನಗೊಂದು ಚಿತ್ರ ಬರೆದು ಕೊಟ್ಟಿದ್ದಾಳೆ, ಸುರಂಗದಲ್ಲಿ ಮಾಮಾ, ಸುರಂಗ ಬಣ್ಣಬಣ್ಣದ್ದಿದೆ. ನಿನಗೆ ದೀರ್ಘಾಯುಸ್ಸಾಗಲಿ, ನಿನ್ನ ಸುರಂಗದಲ್ಲಿ ಯಾರ ಕೂದಲೂ ಕೊಂಕದಿರಲಿ.

ನಿನ್ನ ಅವ್ವ,
ಗಂಗಾಂಬಿಕಾ

ಮರೆತದ್ದಲ್ಲ, ಬರೆಯಲು ಅಂಜಿದ್ದು: ಅಳಿಯಂದಿರ ಸ್ನೇಹಿತ ಗುರುರಾಜ ಆಗಲೇ ಕಾರು ತಂದು ಹೊರಗೆ ನಿಂತಿದ್ದಾನೆ, ಇವತ್ತೇ ಅವನ ವಿಮಾನ. ಜಮ್ಮುವಿನಲ್ಲಿರುವ ತಂಗಿಯ ಮನೆಗೆ ಹೋಗುತ್ತಾನೆ. ಈ ಕಾಗದ, ಜೊತೆಗೆ ಒಂದು ಸಣ್ಣ ಪೊಟ್ಟಣ, ಅಲ್ಲಿಂದ ನೀನೇ ಹೋಗಿ ಇಸಿದುಕೋ. ಪೊಟ್ಟಣದಲ್ಲಿ ನಿಮ್ಮಪ್ಪನ ಲಿಂಗವಿದೆ. ಹೌದು, ಅವರದು. ಮಣ್ಣಿನಲ್ಲಿ ಅವರ ಅಂಗೈಗೆ ಇಟ್ಟದ್ದು ನನ್ನ ಕೊರಳಿನದು. ಅವರದು ಆಗ ಸಿಕ್ಕಿರಲಿಲ್ಲ. ಮೂರು ದಿನದ ಮೇಲೆ ಬಿಲ್ಕಿಸ್ ಗಾಜು ಗುಡಿಸುವಾಗ ಅಡುಗೆಮನೆಯಲ್ಲಿ, ಕಪಾಟಿನ ಅಡಿ ಸಿಕ್ಕಿತು. ಮೇಲಿನ ಕಪ್ಪು ಲೇಪ ಒಂದು ಕಡೆ ಒಡೆದಿದೆ, ಬೆರಳಾಡಿಸಿ ನೋಡು. ಅತ್ತೆಗೆ ನಾನು ಹೇಳಿದ್ದು ಸುಳ್ಳು. ಮೊದಲನೇ ಬಾಂಬಿಗೆ ನಾನು ಬುದ್ಧಿಗೇಡಿಯಂತೆ ಅಡುಗೆಮನೆಯ ಕಿಟಕಿಗೆ ಹೋಗಿ ಹೊಗೆ ನೋಡುತ್ತ ನಿಂತಿದ್ದೆ. ಅವರು ಮೂಲೆಯಿಂದ ನನ್ನನ್ನು ನೋಡಿದರು. ಎದ್ದರು. ಮೂವತ್ತು ವರ್ಷ ‘ಸಿದ್ದೀ ಅವ್ವಾ’ ಎಂದು ಕರೆದವರು ಅವತ್ತು ‘ಗಂಗಾ, ಸರಕೋ!’ ಎಂದು ಹೆಸರು ಹಿಡಿದು ಕೂಗಿದರು. ಲಿಂಗ ಹಿಡಿದ ಕೈಯಿಂದಲೇ ನನ್ನನ್ನು ಕಪಾಟಿನ ಸಂದಿಗೆ ನೂಕಿ, ಕಿಟಕಿಗೆ ಬೆನ್ನು ಕೊಟ್ಟು ನನ್ನ ಮೇಲೆ ನಿಂತರು. ಆಗ ಎರಡನೆಯದು. ಅಜ್ಜಿಗೆ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು, ನನ್ನಿಂದಾಗದು. ಬೈಲಹೊಂಗಲಕ್ಕೆ ಬಂದವರೆಲ್ಲ ‘ಪೂಜೆಯಲ್ಲೇ’ ಎಂದು ಕೈಮುಗಿಯುವಾಗ ನನ್ನ ಕಣ್ಣ ಮುಂದೆ ಮತ್ತೆ ಮತ್ತೆ ಬಂದದ್ದು ಸನಾದ ಮನೆಯ ಆ ಮೂಲೆ. ಬಿಲ್ವಪತ್ರೆ ಇಟ್ಟಲ್ಲೇ ಇತ್ತು. ಮಣೆಯ ಮೇಲೆ ಗಾಜಿನ ಒಂದು ಚೂರೂ ಬಿದ್ದಿರಲಿಲ್ಲ. ಕೂತೇ ಇದ್ದಿದ್ದರೆ ನಿಮ್ಮಪ್ಪ ಇವತ್ತು ಇರುತ್ತಿದ್ದರು.